ತಾಮ್ರವೋ, ಫೈಬರೋ? ಮನೆಯೊಳಗೆ ಎಳೆಯುವ ನೆಟ್ ವೈರಿನ ಲೆಕ್ಕ

ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವವರಿಗೆ ಈಚೆಗೆ ಎಲೆಕ್ಟ್ರಿಷಿಯನ್ ಕಡೆಯಿಂದ ಒಂದು ಹೊಸ ಪ್ರಶ್ನೆ ಬರುತ್ತಿದೆ. ಫ್ಯಾನ್ ಎಲ್ಲಿ, ಗೀಸರ್ ಎಲ್ಲಿ, ಎ.ಸಿ. ಪಾಯಿಂಟ್ ಎಷ್ಟು ಎಂದೆಲ್ಲ ಬರೆದುಕೊಂಡ ಮೇಲೆ, ‘ಸರ್, ನೆಟ್‌ಗೆ ಕ್ಯಾಟ್ 6 ಎಳೀಲಾ, ಇಲ್ಲ ಫೈಬರೇ ಹಾಕ್ಬಿಡ್ಲಾ?’ ಅನ್ನುತ್ತಾನೆ. ಕ್ಯಾಟ್ 6 ಎಂದರೆ ತಾಮ್ರದ ನೆಟ್ ಕೇಬಲ್, ಫೈಬರ್ ಎಂದರೆ ಗಾಜಿನ ಎಳೆಯದು. ಉತ್ತರ ಬೇಗ ಬೇಕು. ಪ್ಲಾಸ್ಟರಿಂಗ್ ಆದ ಮೇಲೆ ಮತ್ತೆ ಗೋಡೆ ಕೊರೆಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಇಂಥ ಪ್ರಶ್ನೆ ಏಳುವುದು ಸಹಜವೇ. 500 ಎಂಬಿಪಿಎಸ್, 1 ಜಿಬಿಪಿಎಸ್ ಪ್ಲಾನ್‌ಗಳು ಈಗ ಸಾಮಾನ್ಯ ಮನೆಗೂ ಬಂದಿವೆ. ಮನೆಯಿಂದಲೇ ಆಫೀಸ್ ಕೆಲಸ, ಗೇಟಿನ ಮೇಲೊಂದು ಕ್ಯಾಮೆರಾ, ಹಾಲ್‌ನಲ್ಲಿ ದೊಡ್ಡ ಟಿವಿ. ಜೊತೆಗೆ ‘ಫೈಬರ್ ಅಂದ್ರೆ ಫಾಸ್ಟು, ತಾಮ್ರ ಅಂದ್ರೆ ಹಳೇ ಕಾಲದ್ದು’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ಮಾತ್ರ ನಿಜ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆಯೊಳಗೆ ತಾಮ್ರ ಸಾಕು. ಒಂದು ಕಟ್ಟಡ ಬಿಟ್ಟು ಇನ್ನೊಂದಕ್ಕೆ ಹೋಗುವ ಕಡೆ ಫೈಬರ್ ಬೇಕು. ಎರಡಕ್ಕಿಂತ ಮೊದಲು ಗೋಡೆಯೊಳಗೆ ಒಳ್ಳೆಯ ಪೈಪ್ ಇರಬೇಕು. ಯಾಕೆ ಎಂಬುದಕ್ಕೆ ಸ್ವಲ್ಪ ವಿವರ ಬೇಕು.

ರಸ್ತೆಯ ಫೈಬರ್ ಬೇರೆ, ಮನೆಯ ನೆಟ್ ಬೇರೆ

‘ನಮ್ಮನೆಗೆ ಆಗಲೇ ಫೈಬರ್ ಬಂದಿದೆಯಲ್ಲ’ ಎನ್ನುವವರು ಬಹಳ. ಹೌದು, ಬಂದಿದೆ. ಕಂಬದಿಂದ ಕಂಬಕ್ಕೆ, ಕೆಲವು ಕಡೆ ಮರದಿಂದ ಮರಕ್ಕೆ ಜೋತುಬಿದ್ದಿರುವ ಆ ಕಪ್ಪು ಕೇಬಲ್‌ಗಳಲ್ಲಿ ಬಹಳಷ್ಟು ಅದೇ. ಅದು ಬಾಗಿಲ ಮೇಲಿನ ತೂತಿನಿಂದ ಒಳಗೆ ಬಂದು ಒಂದು ಬಿಳಿ ಡಬ್ಬಕ್ಕೆ ಸೇರುತ್ತದೆ. ಆ ಡಬ್ಬದ ಹೆಸರು ಓಎನ್‌ಟಿ. ಬೆಳಕಿನ ರೂಪದಲ್ಲಿ ಬಂದ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಅದರ ಕೆಲಸ. ಎಲ್‌ಓಎಸ್ ಎಂಬ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ರಸ್ತೆಯಲ್ಲಿ ಎಲ್ಲೋ ಕೇಬಲ್ ತುಂಡಾಗಿದೆ, ಇಲ್ಲವೇ ತೀರಾ ಮಡಚಿಕೊಂಡಿದೆ.

ಈ ರಸ್ತೆಯ ಫೈಬರ್ ನಿಮ್ಮೊಬ್ಬರದೇ ಅಲ್ಲ. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದು ಎಳೆಯ ಬೆಳಕನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಇಳಿಕೆಗೆ 2.488 ಜಿಬಿಪಿಎಸ್, ಏರಿಕೆಗೆ 1.244 ಜಿಬಿಪಿಎಸ್. ಅಷ್ಟರಲ್ಲೇ ಎಲ್ಲರೂ ಹಂಚಿಕೊಳ್ಳಬೇಕು. ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ತಿ ಎಳೆಯುವುದಿಲ್ಲವಾದ್ದರಿಂದ ನಡೆದುಹೋಗುತ್ತದೆ.

ಓಎನ್‌ಟಿಯ ಆಚೆ ಇರುವುದು ಕಂಪನಿಯ ಪಾಡು. ಈಚೆ ಇರುವುದು ನಮ್ಮದು. ಬಹಳಷ್ಟು ಮನೆಗಳಲ್ಲಿ ಆ ಡಬ್ಬ ಮುಂಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ. ಕೆಲಸ ಮಾಡುವ ಕೋಣೆ ಮೊದಲ ಮಹಡಿಯ ಹಿಂಭಾಗದಲ್ಲಿ. ನಡುವೆ ಕಾಂಕ್ರೀಟ್ ಬ್ಲಾಕಿನ ಎರಡು ಗೋಡೆ, ಕಬ್ಬಿಣ ತುಂಬಿದ ಒಂದು ಆರ್‌ಸಿಸಿ ಸ್ಲ್ಯಾಬ್. ವೇಗದ ವೈಫೈ ಓಡುವುದು 5 ಗಿಗಾಹರ್ಟ್ಜ್‌ನಲ್ಲಿ. ಅದಕ್ಕೆ ಗೋಡೆ ದಾಟುವ ಶಕ್ತಿ ಕಡಿಮೆ. ಹೀಗಾಗಿ ಪ್ರತಿ ಮಹಡಿಗೆ ಒಂದು ವೈಫೈ ಡಬ್ಬ ಇಟ್ಟು, ಅದಕ್ಕೆ ಹಿಂದಿನಿಂದ ವೈರ್ ಕೊಡುವುದೇ ಸರಿಯಾದ ದಾರಿ. ನಮ್ಮ ಪ್ರಶ್ನೆ ಇರುವುದು ಈ ವೈರಿನ ಬಗ್ಗೆ.

ಎಷ್ಟು ವೇಗ ಬೇಕು?

ಜಾಹೀರಾತಿನಲ್ಲಿ ಕಾಣುವ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು. ಫೈಲ್‌ಗಳನ್ನು ನಾವು ಅಳೆಯುವುದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಅಂದರೆ 1 ಜಿಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಹೋಗಬಹುದು. ವಿಳಾಸ, ಲೆಕ್ಕಪತ್ರದಂಥ ಹೆಚ್ಚುವರಿ ಬಿಟ್‌ಗಳನ್ನು ಕಳೆದರೆ ಕೈಗೆ ಸಿಗುವುದು ಸುಮಾರು 940 ಎಂಬಿಪಿಎಸ್. ಅದೇ ಲೆಕ್ಕದಲ್ಲಿ 100 ಎಂಬಿಪಿಎಸ್ ಲೈನಿನಲ್ಲಿ ಸುಮಾರು 94. ಈ 94 ಎಂಬ ಸಂಖ್ಯೆ ನೆನಪಿರಲಿ. ಮುಂದೆ ಕೆಲಸಕ್ಕೆ ಬರುತ್ತದೆ.

4ಕೆ ಸಿನಿಮಾ ನೋಡಲು ನೆಟ್‌ಫ್ಲಿಕ್ಸ್ ಹೇಳುವ ವೇಗ 15 ಎಂಬಿಪಿಎಸ್. ನಾಲ್ಕು ಟಿವಿ ಒಟ್ಟಿಗೆ ಓಡಿದರೂ 60. ವಿಡಿಯೋ ಮೀಟಿಂಗ್‌ಗಳಿಗೆ ಇನ್ನೂ ಕಡಿಮೆ ಸಾಕು. ಹಾಗಾದರೆ 1 ಜಿಬಿಪಿಎಸ್‌ಗಿಂತ ಜಾಸ್ತಿ ಯಾರಿಗೆ ಬೇಕು? ಮನೆಯೊಳಗೇ ದೊಡ್ಡ ಫೈಲ್‌ಗಳನ್ನು ಅತ್ತಿಂದಿತ್ತ ಸಾಗಿಸುವವರಿಗೆ. ಮದುವೆ ವಿಡಿಯೋ ಎಡಿಟ್ ಮಾಡುವವರು, ಫೋಟೋಗಳನ್ನೆಲ್ಲ ಮನೆಯ ಒಂದು ಸ್ಟೋರೇಜ್ ಡಬ್ಬದಲ್ಲಿ ಇಡುವವರು ಇದ್ದಾರಲ್ಲ, ಅವರಿಗೆ.

50 ಜಿಬಿಯ ಒಂದು ವಿಡಿಯೋ ಫೋಲ್ಡರ್ ಇದೆ ಅಂದುಕೊಳ್ಳಿ. 100 ಎಂಬಿಪಿಎಸ್ ಲೈನಿನಲ್ಲಿ ಅದು ಸಾಗಲು ಒಂದು ಗಂಟೆಗೂ ಜಾಸ್ತಿ ಬೇಕು. 1 ಜಿಬಿಪಿಎಸ್‌ನಲ್ಲಿ ಸುಮಾರು 7 ನಿಮಿಷ. 2.5 ಜಿಬಿಪಿಎಸ್‌ನಲ್ಲಿ 3 ನಿಮಿಷ. 10 ಜಿಬಿಪಿಎಸ್‌ನಲ್ಲಿ ಒಂದು ನಿಮಿಷವೂ ಬೇಡ. ಆದರೆ ಒಂದು ಷರತ್ತಿದೆ. ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 200 ಮೆಗಾಬೈಟ್ ಓದುತ್ತದೆ, ಅಷ್ಟೇ. ಅದರ ಮುಂದೆ 10 ಜಿಬಿಪಿಎಸ್ ಲೈನ್ ಹಾಕಿಸಿದರೆ ದುಡ್ಡು ಸುಮ್ನೆ ಹೋದಂತೆ. ವೇಗದ ಎಸ್‌ಎಸ್‌ಡಿ ಎರಡೂ ಕಡೆ ಇದ್ದರೆ ಮಾತ್ರ ಅದಕ್ಕೆ ಅರ್ಥ.

ತಾಮ್ರದ ಕೇಬಲ್ ಬಿಚ್ಚಿ ನೋಡಿದರೆ

ಕ್ಯಾಟ್ 6 ಕೇಬಲ್ಲಿನ ಹೊರ ಸಿಪ್ಪೆಯನ್ನು ಒಂದು ಗೇಣು ಸುಲಿದು ನೋಡಿ. ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣಕ್ಕೂ ಅದೇ ಬಣ್ಣದ ಗೆರೆಯಿರುವ ಒಂದು ಬಿಳಿ ತಂತಿ ಜೊತೆಗಾರ. ನಡುವೆ ಹಲವು ಕೇಬಲ್‌ಗಳಲ್ಲಿ ಕೂಡಿಸುವ ಚಿಹ್ನೆಯ ಆಕಾರದ ಒಂದು ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಜೋಡಿಗಳು ಒಂದಕ್ಕೊಂದು ತಾಗದ ಹಾಗೆ. ಪ್ರತಿ ಜೋಡಿಯನ್ನೂ ಹುರಿ ಹೊಸೆದಂತೆ ಹೊಸೆದಿರುತ್ತಾರೆ. ಸರಿಯಾಗಿ ನೋಡಿದರೆ ನಾಲ್ಕೂ ಜೋಡಿಯ ಹೊಸೆತ ಒಂದೇ ಅಳತೆಯದಲ್ಲ. ಒಂದು ಬಿಗಿ, ಇನ್ನೊಂದು ಸ್ವಲ್ಪ ಸಡಿಲ.

ಈ ಹೊಸೆತದಲ್ಲೇ ಎಲ್ಲ ಗುಟ್ಟು ಇರುವುದು. ತಂತಿಯಲ್ಲಿ ವಿದ್ಯುತ್ ಹರಿದರೆ ಅದು ಪಕ್ಕದ ತಂತಿಗೂ ಸ್ವಲ್ಪ ಗದ್ದಲ ಹರಡುತ್ತದೆ. ಹೊರಗಿನ ಮೋಟರ್, ಟ್ಯೂಬ್‌ಲೈಟ್ ಗದ್ದಲವೂ ಸೇರುತ್ತದೆ. ಸಂಕೇತವನ್ನು ಜೋಡಿಯ ಎರಡು ತಂತಿಗಳಲ್ಲಿ ಒಂದಕ್ಕೊಂದು ತದ್ವಿರುದ್ಧವಾಗಿ ಕಳಿಸುತ್ತಾರೆ. ಆ ಕಡೆಯ ಯಂತ್ರ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ತಕ್ಕಡಿಯ ಎರಡೂ ತಟ್ಟೆಗೆ ಒಂದೊಂದು ಹಿಡಿ ಮಣ್ಣು ಬಿದ್ದರೆ ಮುಳ್ಳು ಅಲ್ಲಾಡುವುದಿಲ್ಲ, ಅಲ್ವಾ? ಹಾಗೆಯೇ ಇದು. ಹೊಸೆದಿರುವುದರಿಂದ ಎರಡೂ ತಂತಿಗೆ ಸಮನಾದ ಗದ್ದಲ ಬೀಳುತ್ತದೆ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದಕ್ಕೆ ಪೇಟೆಂಟ್ ಪಡೆದದ್ದು 1881ರಲ್ಲಿ, ಟೆಲಿಫೋನ್ ತಂತಿಗಾಗಿ.

ಹೊಸೆತ ಬಿಗಿಯಾದಷ್ಟೂ, ತಂತಿ ದಪ್ಪವಾದಷ್ಟೂ ಜಾಸ್ತಿ ವೇಗ ತಡೆದುಕೊಳ್ಳುತ್ತದೆ. ಕ್ಯಾಟ್ 5ಇ, 6, 6ಎ ಎಂಬ ಅಂತಸ್ತುಗಳು ಬಂದಿರುವುದು ಹೀಗೆ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಜಿಬಿಪಿಎಸ್ ಸಾಗಿಸುತ್ತದೆ. 2016ರಲ್ಲಿ ಬಂದ ಐಇಇಇ ಎಂಬ ಎಂಜಿನಿಯರ್‌ಗಳ ಸಂಸ್ಥೆಯ ನಿಯಮದ ಪ್ರಕಾರ ಅದೇ ಹಳೇ ಕೇಬಲ್ಲಿನಲ್ಲಿ 2.5 ಜಿಬಿಪಿಎಸ್ ಕೂಡ ಓಡುತ್ತದೆ. ಕ್ಯಾಟ್ 6ರಲ್ಲಿ 10 ಜಿಬಿಪಿಎಸ್ ಸುಮಾರು 55 ಮೀಟರ್‌ವರೆಗೆ. ಕ್ಯಾಟ್ 6ಎ ಆದರೆ ಪೂರ್ತಿ 100 ಮೀಟರ್.

ಈಗ ನಿಮ್ಮ ಮನೆಯ ಅಳತೆ ತೆಗೆಯಿರಿ. 30-40 ಸೈಟ್ ಎಂದರೆ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ನೆಲಮಹಡಿಯ ಮೂಲೆಯಿಂದ ಎರಡನೇ ಮಹಡಿಯ ಎದುರು ಮೂಲೆಗೆ, ಗೋಡೆ ಗುಂಟ ಸುತ್ತಿ ಬಳಸಿ ಹೋದರೂ 40 ಮೀಟರ್ ದಾಟುವುದು ಕಷ್ಟ. ಅಂದರೆ ಸಾಧಾರಣ ಕ್ಯಾಟ್ 6 ಕೇಬಲ್ಲಿನಲ್ಲೇ 10 ಜಿಬಿಪಿಎಸ್ ಓಡಿಸಬಹುದು. ‘ತಾಮ್ರ ಹಳೇದು’ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಕ್ಯಾಟ್ 7, ಕ್ಯಾಟ್ 8 ಎಂದು ಅಂಗಡಿಯವರು ತೋರಿಸಿದರೆ ಮುಂದೆ ಹೋಗಿ. ಮನೆಗೆ ಅವು ಬೇಡ.

94ರಲ್ಲೇ ನಿಂತ ನೆಟ್

500 ಎಂಬಿಪಿಎಸ್ ಪ್ಲಾನ್ ಇದೆ, ವೈರ್ ಹಾಕಿದ ಕಂಪ್ಯೂಟರಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಪ್ರತಿ ಸಲ 94 ಬರುತ್ತದೆ. ಈ ದೂರು ಬಹಳ ಸಾಮಾನ್ಯ. ಕಂಪನಿಗೆ ಫೋನ್ ಮಾಡುವ ಮೊದಲು ಮನೆಯ ವೈರ್ ನೋಡಿ.

1 ಜಿಬಿಪಿಎಸ್‌ಗೆ ನಾಲ್ಕೂ ಜೋಡಿ ಬೇಕು. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, ಸಾಮಾನ್ಯವಾಗಿ ಕಿತ್ತಳೆ ಮತ್ತು ಹಸಿರು. ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ಕನೆಕ್ಟರಿನಲ್ಲಿ ಸರಿಯಾಗಿ ಕೂತಿಲ್ಲ ಅಂದುಕೊಳ್ಳಿ. ಬಹಳಷ್ಟು ಯಂತ್ರಗಳು ಲೈನ್ ಕಟ್ ಮಾಡುವುದಿಲ್ಲ. ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ನೆಟ್ ಬರುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ವಿಂಡೋಸ್ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ಎಂಬ ಸಾಲು ಇರುತ್ತದೆ. ಅಲ್ಲಿ 100/100 ಎಂದಿದ್ದರೆ ತಪ್ಪು ಮನೆಯೊಳಗೇ ಇದೆ. ತುದಿಯ ಕನೆಕ್ಟರ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿಸಿದರೆ, ಅಂದರೆ ಇಕ್ಕಳದಿಂದ ಅದುಮಿ ಕೂರಿಸಿದರೆ, ಹೆಚ್ಚಿನ ಸಲ ಸರಿಹೋಗುತ್ತದೆ. ಹಳೇ ರೂಟರ್‌ನ ಪೋರ್ಟೇ 100ರದ್ದಾಗಿದ್ದರೆ ಮಾತ್ರ ರೂಟರ್ ಬದಲಿಸಬೇಕು. ಎಷ್ಟೋ ಸ್ಮಾರ್ಟ್ ಟಿವಿಗಳ ಪೋರ್ಟ್ ಕೂಡ 100ರದ್ದೇ. ಟಿವಿಗೆ ಅಷ್ಟು ಸಾಕು ಬಿಡಿ.

ಇನ್ನೊಂದು ಕಾರಣ ಕೇಬಲ್ಲಿನಲ್ಲೇ ಇರಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ 305 ಮೀಟರಿನ ಕೇಬಲ್ ಡಬ್ಬ ಕೇಳಿದರೆ ಅಸಲಿ ತಾಮ್ರದ್ದೂ ಸಿಗುತ್ತದೆ, ಸಿಸಿಎ ಎಂಬುದೂ ಸಿಗುತ್ತದೆ. ಸಿಸಿಎ ಎಂದರೆ ಅಲ್ಯೂಮಿನಿಯಂ ತಂತಿಯ ಮೇಲೆ ತೆಳ್ಳಗೆ ತಾಮ್ರ ಲೇಪಿಸಿದ್ದು. ಬೆಲೆ ಬಹಳ ಕಡಿಮೆ. ಆದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ ತಾಮ್ರದ ಒಂದೂವರೆ ಪಟ್ಟು. ಎರಡು ಮೂರು ಸಲ ಮಡಚಿದರೆ ಮುರಿಯುತ್ತದೆ. ಕ್ಯಾಟ್ ಕೇಬಲ್ಲಿನ ನಿಯಮಗಳು ಅದನ್ನು ಒಪ್ಪುವುದೇ ಇಲ್ಲ, ಡಬ್ಬದ ಮೇಲೆ ಏನೇ ಅಚ್ಚು ಹಾಕಿರಲಿ. ಪತ್ತೆ ಮಾಡುವುದು ಸುಲಭ. ಒಂದು ತಂತಿಯ ಪ್ಲಾಸ್ಟಿಕ್ ತೆಗೆದು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಸಿಸಿಎ. ಕೆಂಪಗೇ ಇದ್ದರೆ ತಾಮ್ರ. ಡಬ್ಬ ಎತ್ತಿ ನೋಡಿದರೂ ಗೊತ್ತಾಗುತ್ತದೆ. ಅಲ್ಯೂಮಿನಿಯಂ ತಾಮ್ರಕ್ಕಿಂತ ಮೂರು ಪಟ್ಟು ಹಗುರ. ಅಂಗಡಿಯಲ್ಲಿ ‘ಪೂರ್ತಿ ತಾಮ್ರದ್ದು ಕೊಡಿ’ ಎಂದೇ ಕೇಳಿ, ಬಿಲ್ಲಿನಲ್ಲೂ ಬರೆಸಿ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ.

ಗಾಜಿನ ಎಳೆಯ ಒಳಗೆ

ಫೈಬರ್ ಎಂದರೆ ಗಾಜಿನ ಎಳೆ. ನಡುವಿನ ತಿರುಳಿನ ಸುತ್ತ ಇನ್ನೊಂದು ಬಗೆಯ ಗಾಜಿನ ಕವಚ. ತಿರುಳಿನಲ್ಲಿ ಸಾಗುವ ಬೆಳಕು ಕವಚದ ಅಂಚಿಗೆ ಓರೆಯಾಗಿ ತಾಗಿದರೆ ಹೊರಗೆ ಹೋಗದೆ ವಾಪಸು ಒಳಗೇ ತಿರುಗುತ್ತದೆ. ಹೀಗೆ ಮೈಲಿಗಟ್ಟಲೆ ಹೋಗುತ್ತದೆ. ಗಾಜು ಶುದ್ಧವಾಗಿದ್ದರೆ ಬೆಳಕು ದೂರ ಹೋಗಬಲ್ಲದು ಎಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್. 2009ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಇಂದಿನ ಗಾಜಿನಲ್ಲಿ ಒಂದು ಕಿಲೋಮೀಟರ್ ಹೋದ ಮೇಲೂ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಬೆಳಕು ಉಳಿದಿರುತ್ತದೆ.

ಎರಡು ಬಗೆ ಇವೆ. ಸಿಂಗಲ್ ಮೋಡ್‌ನ ತಿರುಳು ಸುಮಾರು 9 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್), ಮಲ್ಟಿಮೋಡ್‌ನದು 50 ಅಥವಾ 62.5 ಮೈಕ್ರಾನ್. ಅಗಲವಾದ ತಿರುಳಿನಲ್ಲಿ ಬೆಳಕು ಹಲವು ದಾರಿಗಳಲ್ಲಿ ಹೋಗಿ, ಹಿಂದೆ ಮುಂದೆ ಆಗಿ ತಲುಪುತ್ತದೆ. ಹೀಗಾಗಿ ದೂರ ಕಡಿಮೆ. ಮನೆಗೆ ಹೊಸದಾಗಿ ಹಾಕಿಸುವುದಾದರೆ ಸಿಂಗಲ್ ಮೋಡ್ ಹಾಕಿಸಿ. ಇವತ್ತು 1 ಜಿಬಿಪಿಎಸ್, ನಾಳೆ 10, ಆಮೇಲೆ 25 ಬೇಕೆಂದರೂ ತುದಿಯ ಯಂತ್ರ ಬದಲಿಸಿದರೆ ಸಾಕು, ಗಾಜು ಅದೇ ಇರುತ್ತದೆ.

ಒಂದು ತಪ್ಪು ತಿಳಿವಳಿಕೆ ಇದೆ. ಬೆಳಕು ವೇಗವಾಗಿ ಓಡುತ್ತದೆ, ಆದ್ದರಿಂದ ಗೇಮ್ ಆಡುವಾಗ ಫೈಬರ್ ಇದ್ದರೆ ಲ್ಯಾಗ್ ಕಡಿಮೆ ಎಂದು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ತಾಮ್ರದ ಜೋಡಿಯಲ್ಲಿ ಸಂಕೇತದ ವೇಗವೂ ಹತ್ತಿರ ಹತ್ತಿರ ಅಷ್ಟೇ. ಮನೆಯೊಳಗಿನ 20 ಮೀಟರಿನಲ್ಲಿ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ. ಫೈಬರ್ ಗೆಲ್ಲುವುದು ದೂರದಲ್ಲಿ.

ನಾಜೂಕಿನ ವಿಷಯಕ್ಕೆ ಬಂದರೆ, ಗಾಜನ್ನು ತೀರಾ ಮಡಚಿದರೆ ಬೆಳಕು ಸೋರುತ್ತದೆ. ಮಡಿಕೆಗೆ ತಾಳುವ ಜಿ.657 ಬಗೆಯ ಫೈಬರ್ 10 ಅಥವಾ 7.5 ಮಿಲಿಮೀಟರ್ ತ್ರಿಜ್ಯದವರೆಗೆ ಬಾಗುತ್ತದೆ. ಮನೆಗೆ ಅದನ್ನೇ ಕೇಳಿ. ತುದಿಯಲ್ಲಿ ಧೂಳಿನ ಒಂದು ಕಣ ಕೂತರೂ ಸಾಕು, ಲೈನ್ ಕೆಡುತ್ತದೆ. ಹಸಿರು ಮತ್ತು ನೀಲಿ ಕನೆಕ್ಟರ್‌ಗಳನ್ನು ಒಂದಕ್ಕೊಂದು ಸೇರಿಸಬಾರದು. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ಹಾಗಲ್ಲ. ತಾಮ್ರದ ತುದಿಯನ್ನು ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಕೂಡ ಕ್ರಿಂಪ್ ಮಾಡುತ್ತಾನೆ. ಫೈಬರ್ ಬೆಸೆಯಲು ಸ್ಪ್ಲೈಸಿಂಗ್ ಯಂತ್ರ ಬೇಕು, ಅದರವರನ್ನೇ ಕರೆಸಬೇಕು. ಕಾರ್ಖಾನೆಯಲ್ಲೇ ತುದಿ ಕೂರಿಸಿದ ಕೇಬಲ್ ತಂದು ಪೈಪಿನಲ್ಲಿ ಎಳೆಸುವುದು ಸುಲಭದ ದಾರಿ. ಬೆಳಕು ಹರಿಯುತ್ತಿರುವ ಫೈಬರಿನ ತುದಿಗೆ ಮಾತ್ರ ಕಣ್ಣಿಟ್ಟು ನೋಡಬೇಡಿ. ಅದರ ಬೆಳಕು ಕಾಣಿಸುವಂಥದ್ದಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ.

ವೈರಿನಲ್ಲೇ ಕರೆಂಟು

ತಾಮ್ರದಿಂದ ಆಗುವ, ಗಾಜಿನಿಂದ ಆಗದ ಒಂದು ಕೆಲಸವಿದೆ. ನೆಟ್ ಜೊತೆಗೆ ಕರೆಂಟನ್ನೂ ಅದೇ ವೈರಿನಲ್ಲಿ ಕಳಿಸಬಹುದು. ಪಿಒಇ ಎನ್ನುತ್ತಾರೆ. 2003ರ ಮೊದಲ ನಿಯಮದಲ್ಲಿ ಒಂದು ಪೋರ್ಟಿಗೆ 15.4 ವ್ಯಾಟ್, 2009ರದರಲ್ಲಿ 30, 2018ರದರಲ್ಲಿ 90ರವರೆಗೆ. ಗೇಟಿನ ಕ್ಯಾಮೆರಾಗೆ, ಸೀಲಿಂಗಿನ ವೈಫೈ ಡಬ್ಬಕ್ಕೆ ಬೇರೆ ಪ್ಲಗ್ ಪಾಯಿಂಟ್ ಬೇಡ. ಈ ವೈರ್‌ಗಳೆಲ್ಲ ಬಂದು ಸೇರುವ, ಅವಕ್ಕೆ ಕರೆಂಟ್ ಕೊಡುವ ಕೆಳಗಿನ ನೆಟ್‌ವರ್ಕ್ ಸ್ವಿಚ್ ಡಬ್ಬಕ್ಕೆ ಒಂದು ಯುಪಿಎಸ್ ಕೊಟ್ಟರೆ ಕರೆಂಟ್ ಹೋದಾಗಲೂ ಇವೆಲ್ಲ ನಡೆಯುತ್ತವೆ. ಫೈಬರ್ ಎಳೆದರೆ ಆ ಕೊನೆಯಲ್ಲಿ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತಕ್ಕೆ ಬದಲಿಸುವ ಒಂದು ಡಬ್ಬ, ಅದಕ್ಕೊಂದು ಅಡಾಪ್ಟರ್, ಅದಕ್ಕೊಂದು ಪ್ಲಗ್ ಬೇಕು. ಮನೆಯೊಳಗೆ ತಾಮ್ರವೇ ಸರಿ ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಫೈಬರ್ ಬೇಕೇ ಬೇಕಾದ ಕಡೆ

ಏಪ್ರಿಲ್, ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಗುಡುಗು ಸಿಡಿಲಿನ ಮಳೆ ಬರುತ್ತದಲ್ಲ, ಆಗ ರೂಟರ್, ಕ್ಯಾಮೆರಾ ಸುಟ್ಟವೆಂಬ ಮಾತು ಕೇಳಿಬರುತ್ತದೆ. ಸಿಡಿಲು ನೇರವಾಗಿ ಮನೆಗೇ ಬಡಿಯಬೇಕಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಹೊರಗೆ ಎಳೆದ ಉದ್ದನೆಯ ತಾಮ್ರದ ತಂತಿಯಲ್ಲಿ ಹೊಡೆತ ಹುಟ್ಟುತ್ತದೆ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆ ಗೊಡವೆಯೇ ಇಲ್ಲ.

ಅರ್ಥಿಂಗ್ ಇನ್ನೊಂದು ಕಾರಣ. ಎರಡು ಕಟ್ಟಡಗಳಿಗೆ ಬೇರೆ ಬೇರೆ ಮೀಟರ್, ಬೇರೆ ಬೇರೆ ಅರ್ಥಿಂಗ್ ಗುಂಡಿ ಇದ್ದರೆ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಬರಬಹುದು. ಲೋಹದ ಕವಚವಿರುವ ತಾಮ್ರದ ಕೇಬಲ್ ಅವೆರಡನ್ನೂ ಜೋಡಿಸಿದಂತಾಗುತ್ತದೆ. ಹೀಗಾಗಿ ಮುಂದಿನ ಮನೆಯಿಂದ ಹಿಂದಿನ ಔಟ್‌ಹೌಸಿಗೆ, ಅಪಾರ್ಟ್‌ಮೆಂಟಿನ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ, ಮನೆಯಿಂದ ದೂರದ ಗೇಟಿನ ಸೆಕ್ಯುರಿಟಿ ಕೋಣೆಗೆ ಫೈಬರ್ ಹಾಕಿಸಿ. ಇಲ್ಲಿ ಕೊಂಚ ಎಚ್ಚರ. ಕಂಬಗಳ ನಡುವೆ ಎಳೆಯುವ ಅಗ್ಗದ ಡ್ರಾಪ್ ಕೇಬಲ್ಲಿನಲ್ಲಿ ಬಲಕ್ಕೆಂದು ಸ್ಟೀಲ್ ತಂತಿ ಇರುತ್ತದೆ. ಗಾಜು ಕರೆಂಟ್ ಒಯ್ಯದಿದ್ದರೂ ಆ ಸ್ಟೀಲ್ ಒಯ್ಯುತ್ತದೆ. ಲೋಹವಿಲ್ಲದ, ಎಫ್‌ಆರ್‌ಪಿ (ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್) ಕಡ್ಡಿಯ ಕೇಬಲ್ ಕೇಳಿ ತನ್ನಿ.

100 ಮೀಟರ್ ದಾಟಿದರೆ ಯೋಚನೆಯೇ ಬೇಡ, ಫೈಬರ್. ಲಿಫ್ಟ್ ಮೋಟರ್, ದೊಡ್ಡ ಪಂಪ್ ಪಕ್ಕದಲ್ಲೇ ಹಾಯಬೇಕಾದ ಕಡೆಯೂ ಅದೇ ವಾಸಿ.

ಮನೆಯೊಳಗೆ 10 ಜಿಬಿಪಿಎಸ್ ಬೇಕೆನ್ನುವವರಿಗೂ ಒಂದು ಮಾತು. ಅಷ್ಟು ವೇಗದಲ್ಲಿ ತಾಮ್ರದ ಮಾಡ್ಯೂಲ್ (ಕೇಬಲ್ ಸಿಕ್ಕಿಸಲು ಯಂತ್ರದ ಪೋರ್ಟಿಗೆ ಹಾಕುವ ಪುಟ್ಟ ಬಿಡಿಭಾಗ) ಎರಡು ಮೂರು ವ್ಯಾಟ್ ತಿನ್ನುತ್ತದೆ, ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಫೈಬರ್ ಮಾಡ್ಯೂಲಿಗೆ ಸುಮಾರು ಒಂದು ವ್ಯಾಟ್. ಕಂಪ್ಯೂಟರ್ ಮತ್ತು ಸ್ಟೋರೇಜ್ ಡಬ್ಬ ಬೇರೆ ಬೇರೆ ಕೋಣೆಯಲ್ಲಿದ್ದರೆ ಆ ಎರಡರ ನಡುವೆ ಒಂದು ಫೈಬರ್, ಉಳಿದದ್ದೆಲ್ಲ ತಾಮ್ರ. ಹೀಗೆ ಮಾಡಿದವರು ಸುಖವಾಗಿದ್ದಾರೆ.

ಬಾಡಿಗೆ ಮನೆ, ಹಳೇ ಫ್ಲ್ಯಾಟ್

ಗೋಡೆ ಮುಟ್ಟಲು ಓನರ್ ಬಿಡುವುದಿಲ್ಲ ಎಂದರೆ ಕೇಸಿಂಗ್ ಕ್ಯಾಪಿಂಗ್ ಪಟ್ಟಿಯೊಳಗೆ ವೈರ್ ಎಳೆಯಬಹುದು. ಗೋಡೆಗೆ ಅಂಟಿಸುವ, ಕಣ್ಣಿಗೇ ಕಾಣದಷ್ಟು ತೆಳ್ಳಗಿನ ಪಾರದರ್ಶಕ ಫೈಬರ್ ಕೂಡ ಬಂದಿದೆ. ಬಾಗಿಲ ಸಂದಿಯಲ್ಲಿ ತಾಮ್ರದ ಕೇಬಲ್ ತೂರದ ಕಡೆ ಅದು ಉಪಯೋಗ.

ಅದಕ್ಕೂ ಮೊದಲು ಹಾಲ್ ಮತ್ತು ಬೆಡ್‌ರೂಮಿನ ಹಳೇ ಟೆಲಿಫೋನ್ ಪಾಯಿಂಟಿನ ಮುಚ್ಚಳ ಬಿಚ್ಚಿ ನೋಡಿ. ಕೆಲವು ಫ್ಲ್ಯಾಟ್‌ಗಳಲ್ಲಿ ಫೋನಿಗೆಂದು ಕ್ಯಾಟ್ 5ಇ ಕೇಬಲ್ಲೇ ಎಳೆದಿರುತ್ತಾರೆ. ಸಿಪ್ಪೆಯ ಮೇಲೆ ಅಚ್ಚಾಗಿರುತ್ತದೆ. ಎಂಟು ತಂತಿ ಇದ್ದರೆ ತುದಿ ಬದಲಿಸಿ ನೆಟ್‌ಗೆ ಬಳಸಿ. ಎರಡೋ ನಾಲ್ಕೋ ಇದ್ದರೆ ಅದನ್ನೇ ಹಿಡಿದು ಎಳೆದು, ಅದೇ ಪೈಪಿನಲ್ಲಿ ಹೊಸ ಕೇಬಲ್ ತೂರಿಸಬಹುದೇ ಎಂದು ನೋಡಿ.

ಪೈಪ್ ಹಾಕಿಸುವಾಗ

ಹೊಸ ಮನೆಯವರಿಗೆ ಇದೇ ಮುಖ್ಯ. ನೆಟ್‌ಗೆ 25 ಮಿಲಿಮೀಟರಿನ ಪ್ರತ್ಯೇಕ ಪಿವಿಸಿ ಪೈಪ್ ಹಾಕಿಸಿ. ಕರೆಂಟ್ ವೈರಿನ ಪೈಪಿನಲ್ಲೇ ನೆಟ್ ಕೇಬಲ್ ತೂರಿಸಲು ಬಿಡಬೇಡಿ. ಗದ್ದಲದ ಮಾತು ಹಾಗಿರಲಿ, ಅಪಾಯವೂ ಹೌದು. ಎರಡೂ ಪೈಪ್ ಅಡ್ಡ ಹಾಯಲೇಬೇಕಾದರೆ ನೇರ ಕೋನದಲ್ಲಿ ಹಾಯಲಿ. ಮೂಲೆಗಳಲ್ಲಿ ಚೂಪು ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ. ಎರಡು ಬೆಂಡ್ ಆದ ಮೇಲೆ ಒಂದು ಜಂಕ್ಷನ್ ಬಾಕ್ಸ್. ಎಲ್ಲ ಪೈಪ್‌ಗಳೂ ಓಎನ್‌ಟಿ ಇಡುವ ಒಂದೇ ಜಾಗಕ್ಕೆ ಬಂದು ಸೇರಲಿ, ಅಲ್ಲೇ ಎರಡು ಪ್ಲಗ್ ಪಾಯಿಂಟ್ ಕೊಡಿಸಿ. ಆ ಜಾಗದಿಂದ ಹೊರಗಿನ ಕಂಪೌಂಡಿಗೂ ಒಂದು ಪೈಪ್ ಇದ್ದರೆ ಕಂಪನಿಯವರು ಬಾಗಿಲ ಚೌಕಟ್ಟು ಕೊರೆಯುವುದು ತಪ್ಪುತ್ತದೆ.

ಪ್ರತಿ ಕೋಣೆಗೆ ಎರಡು ಕೇಬಲ್, ಪ್ರತಿ ಮಹಡಿಯ ಸೀಲಿಂಗಿಗೆ ಒಂದು. ಪೈಪಿನೊಳಗೆ ಒಂದು ನೈಲಾನ್ ದಾರವನ್ನೂ ಬಿಟ್ಟಿರಲಿ, ಮುಂದೆ ಫೈಬರ್ ಬೇಕೆನಿಸಿದರೆ ಅದರಿಂದಲೇ ಎಳೆಯಬಹುದು. ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಕೇಬಲ್ಲಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಲು ಹೇಳಿ. ಎಲ್ಲ ಮುಗಿದ ಮೇಲೆ ನೆಟ್ ಕೇಬಲ್ ಟೆಸ್ಟರ್ ಹಾಕಿಸಿ ಎಂಟೂ ದೀಪ ಸಾಲಾಗಿ ಹತ್ತುವುದನ್ನು ನೋಡಿ. ಆಮೇಲೆ ಒಂದು ಲ್ಯಾಪ್‌ಟಾಪ್ ಸಿಕ್ಕಿಸಿ, ಲಿಂಕ್ ಸ್ಪೀಡ್ 1000/1000 ಬಂತೇ ಎಂದು ಪ್ರತಿ ಪಾಯಿಂಟಿನಲ್ಲೂ ಪರೀಕ್ಷಿಸಿ. ಎಲೆಕ್ಟ್ರಿಷಿಯನ್‌ಗೆ ಕೊನೆಯ ಕಂತಿನ ದುಡ್ಡು ಕೊಡುವುದು ಅದಾದ ಮೇಲೆ.